ಕೆಲ್ಡ್‌ಗೆ ಹೊರಡುವ ಮುನ್ನ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಕ್ಟೋಬರಿನಲ್ಲಿ ಲೀಡ್ಸ್‌ನ ಗೆಳತಿಯೊಡನೆ ಉತ್ತರ ಇಂಗ್ಲೆಂಡಿನ ಕರ್ಬಿ ಸ್ಟೀಫನ್ ಎಂಬ ಊರಿನಿಂದ ಕೆಲ್ಡ್ ಹಳ್ಳಿಯವರೆಗೆ ನಡೆಯುವುದಾಗಿ ಬರೆದಿದ್ದೀಯೆ. ಬೆಟ್ಟದ ನಡಿಗೆಗಳ ಬಗ್ಗೆ ಪುಸ್ತಕ ಬರೆದ ಆಲ್ಫ್ರೆಡ್ ವೇನ್‌ರೈಟ್ 1973ರಲ್ಲಿ ಪರಿಚಯಿಸಿದ, ಇಂಗ್ಲೆಂಡಿನ ಪಡುಗಡಲಿನಿಂದ ಮೂಡುಗಡಲಿಗೆ ಸುಮಾರು 300 ಕಿಲೋಮೀಟರು ಸಾಗುವ ಕಾಲುದಾರಿಯಲ್ಲಿ ಇದು ಒಂದು ದಿನದ ನಡಿಗೆ. ದೂರ 20 ಕಿಲೋಮೀಟರಿನ ಆಸುಪಾಸು ಎಂದು ಹಗುರವಾಗಿ ಎಣಿಸಬೇಡ. ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಎಂದು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಲೆಕ್ಕದ ಪ್ರಕಾರ ಐದು ಗಂಟೆ ಸಾಕು. ಆದರೆ ಆ ಲೆಕ್ಕ ಗಟ್ಟಿ ನೆಲಕ್ಕೆ ಹೇಳಿದ್ದು, ನಿಮಗೆ ಎದುರಾಗುವುದು ಜೌಗು. ಏಳು ಗಂಟೆ ಇಟ್ಟುಕೊಳ್ಳಿ. ಆ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕರ್ಬಿ ಸ್ಟೀಫನ್‌ನ ರೈಲು ನಿಲ್ದಾಣವೂ ಊರಿನಿಂದ ದೂರವಿರುವುದರಿಂದ, ಹಿಂದಿನ ರಾತ್ರಿಯೇ ಆ ಊರಿಗೆ ಹೋಗಿ ತಂಗುವುದು ಮೇಲು.

ಹಾರ್ಟ್‌ಲಿ ಹಳ್ಳಿಯ ಸುತ್ತಲಿನ ಹೊಲಗಳಲ್ಲಿ ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ನಡೆಯಿರಿ. ತೆರೆದಿದ್ದರೆ ರೈತ ಬೇಕೆಂದೇ ತೆರೆದಿಟ್ಟಿರಬಹುದು. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳನ್ನು ಹತ್ತಲೇಬೇಡಿ, ಒಂದು ಕಲ್ಲು ಜಾರಿದರೆ ಇಡೀ ಭಾಗವೇ ಕುಸಿಯಬಹುದು. ಗೆಳತಿ ನಾಯಿಯನ್ನೂ ಕರೆತರುತ್ತಾಳಲ್ಲವೇ? ಕರುವಿರುವ ಹಸು ಅಟ್ಟಿಸಿಕೊಂಡು ಬಂದರೆ ಹಗ್ಗವನ್ನು ಕೈಬಿಡಲು ಹೇಳು. ಹಸುವಿನ ಸಿಟ್ಟು ನಾಯಿಯ ಮೇಲೆ, ಮತ್ತು ನಾಯಿ ನಿಮಗಿಂತ ಬೇಗ ಓಡಬಲ್ಲದು. ಅಜ್ಜಿಯ ಕೊಟ್ಟಿಗೆಯಲ್ಲಿ ಬೆಳೆದವಳೆಂಬ ಧೈರ್ಯ ಅಲ್ಲಿ ಬೇಡ.

ಮೇಲಕ್ಕೆ ಹೋದಂತೆ ಹೊಲ ಮುಗಿದು ಮೂರ್‌ಲ್ಯಾಂಡಿನ ಬೋಳು ಬಯಲು ತೊಡಗುತ್ತದೆ. ನೈನ್ ಸ್ಟ್ಯಾಂಡರ್ಡ್ಸ್ ಎಂಬ 662 ಮೀಟರ್ ಎತ್ತರದ ಬೆಟ್ಟದ ಬೆನ್ನಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಒಂಬತ್ತು ಕಲ್ಲುಗೂಡುಗಳು ಸಾಲಾಗಿ ನಿಂತಿವೆ. ಇಲ್ಲಿಂದ ಪಡುವಣಕ್ಕೆ ಹರಿದ ಮಳೆನೀರು ಐರಿಶ್ ಸಮುದ್ರಕ್ಕೂ, ಮೂಡಣಕ್ಕೆ ಹರಿದದ್ದು ಉತ್ತರ ಸಮುದ್ರಕ್ಕೂ ಸೇರುತ್ತದೆ. ಅದರಾಚೆಗೆ ಪೀಟ್, ಅಂದರೆ ಅರೆಕೊಳೆತ ಗಿಡಗಳಿಂದಾದ ಕಪ್ಪು ಕೆಸರು. ಹೊಳೆಯುವ ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡ, ಅದರ ಕೆಳಗೆ ನೀರೇ ಹೆಚ್ಚು. ತುಳಿತದಿಂದ ನೆಲ ಹಾಳಾಗದಿರಲೆಂದು ಹಿಂದೆ ಮೂರು ದಾರಿಗಳನ್ನು ಗೊತ್ತುಮಾಡಿದ್ದರು: ಮೇ–ಜುಲೈಗೆ ಕೆಂಪು, ಆಗಸ್ಟ್–ನವೆಂಬರಿಗೆ ನೀಲಿ, ಡಿಸೆಂಬರ್–ಏಪ್ರಿಲ್‌ಗೆ ಹಸಿರು. ಈಗ ಯಾವ ದಾರಿ ಹಿಡಿಯಬೇಕೆಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಆದರೆ ಕೆಳಗಿನಿಂದ ನೋಡುವಾಗಲೇ ನೆತ್ತಿ ಮೋಡದಲ್ಲಿ ಮುಳುಗಿದ್ದರೆ, ತುದಿಗೆ ಹೋಗದ ಹಸಿರು ದಾರಿಯನ್ನೇ ಹಿಡಿಯಿರಿ.

ನಾನು ಒತ್ತಿ ಹೇಳುವ ಮಾತು ಇದೊಂದೇ: ಹಿಂತಿರುಗುವ ನಿರ್ಧಾರವನ್ನು ಆ ಕಲ್ಲುಗೂಡುಗಳ ಬಳಿಯೇ ಮಾಡಿ. ಸಾಲಿನ ಒಂದು ತುದಿಯಲ್ಲಿ ನಿಂತಾಗ ಇನ್ನೊಂದು ತುದಿ ಕಾಣದಿದ್ದರೆ, ಅಥವಾ ಮಧ್ಯಾಹ್ನ ಒಂದು ಗಂಟೆ ದಾಟಿದ್ದರೆ, ಬಂದ ದಾರಿಯಲ್ಲೇ ಇಳಿಯಿರಿ. ಕೆಸರಿನ ನಡುವೆ ಮಳೆಗೆ ಸಿಕ್ಕಿ, ಚಳಿಯಲ್ಲಿ ನಡುಗುತ್ತಾ ಮಾಡುವ ಯೋಚನೆ ನೆಟ್ಟಗಿರುವುದಿಲ್ಲ. ಜೀನ್ಸ್ ತೊಡಬೇಡ, ಒದ್ದೆಯಾದರೆ ಬೇಗ ಒಣಗದು. ಕಾಗದದ ನಕ್ಷೆ, ದಿಕ್ಸೂಚಿ, ಟಾರ್ಚು, ಸೀಟಿ ಜೊತೆಗಿರಲಿ. ಆಪತ್ತಿನಲ್ಲಿ 999ಕ್ಕೆ ಕರೆಮಾಡಿ, ಪೊಲೀಸರನ್ನು ಕೇಳಿ, ಅವರಿಂದ ಬೆಟ್ಟದಲ್ಲಿ ಸಿಲುಕಿದವರನ್ನು ಕಾಪಾಡುವ ಮೌಂಟನ್ ರೆಸ್ಕ್ಯೂ ಪಡೆಯನ್ನು ಕರೆಸಿಕೊಳ್ಳಬೇಕು. ಫೋನ್ ಸಿಗದಿದ್ದರೆ ನಿಮಿಷದೊಳಗೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು.

ಕೆಲ್ಡ್‌ನಲ್ಲಿ ತಂಗುವ ಮನೆಯವರಿಗೆ ನೀವು ತಲುಪುವ ಹೊತ್ತನ್ನು ಮೊದಲೇ ತಿಳಿಸಿರು. ಅರ್ಧದಿಂದ ಹಿಂತಿರುಗಿದರೆ, ಕರ್ಬಿ ಸ್ಟೀಫನ್‌ಗೆ ಬಂದೊಡನೆ ಅವರಿಗೆ ಫೋನ್ ಮಾಡು. ಇಲ್ಲವಾದರೆ ನಿಮ್ಮನ್ನು ಹುಡುಕಲು ಆ ಕತ್ತಲಲ್ಲಿ ಜನ ಬೆಟ್ಟ ಹತ್ತುತ್ತಾರೆ.

ಇತಿ,
ನಿನ್ನ ದೊಡ್ಡಪ್ಪ