ಗೆರೆ ಇದ್ದವು, ಹಾಗಾಗಿ ಇಳಿದೆವು ಅಂದೆಯಲ್ಲ

ತೀರ್ಥಹಳ್ಳಿ

ಚಿ. ಅನಘಾಳಿಗೆ ಮಾವನ ಆಶೀರ್ವಾದಗಳು.

ಕಾಶ್ಮೀರದ ಗುಲ್ಮಾರ್ಗಿಗೆ ಸ್ಕೀ ಮಾಡಲು ಹೋಗಿ ಅಲ್ಲಿಂದ ಬರೆದ ನಿನ್ನ ಕಾಗದವನ್ನು ಮನೆಮಂದಿಯೆಲ್ಲ ಓದಿದರು. ಫೆರನ್ ನಿಲುವಂಗಿ ತೊಟ್ಟು ಮರದ ಸ್ಲೆಜ್ ಮೇಲೆ ಸಿಳ್ಳೆ ಹಾಕುತ್ತ ಇಳಿದವನು, ಬೆನ್ನಿಗೆ ಪುಟ್ಟ ಪ್ಯಾರಾಚೂಟ್ ಕಟ್ಟಿಕೊಂಡು ಅರ್ಧ ಹಾರುತ್ತ ಅರ್ಧ ಜಾರುತ್ತ ಹೋದ ಹುಡುಗ, ಅಗಲವಾದ ಒಂದೇ ಹಲಗೆಗೆ ಎರಡು ಕಾಲನ್ನೂ ಬಿಗಿದುಕೊಂಡಿದ್ದ ವಯಸ್ಸಾದ ವಿದೇಶಿ, ಬಂಡೆಯ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆದ ಹುಡುಗಿ, ಎಲ್ಲರನ್ನೂ ಚೆನ್ನಾಗಿ ಬರೆದಿದ್ದೀಯ. ನಿಮ್ಮಮ್ಮ ಅದನ್ನೇ ಎರಡು ಸಲ ಓದಿಸಿದಳು. ಆದರೆ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: ‘ಹಗ್ಗದ ಆಚೆ ಆಗಲೇ ನಾಲ್ಕೈದು ಗೆರೆ ಇದ್ದವು ಮಾವ, ಹಾಗಾಗಿ ನಾವೂ ಇಳಿದೆವು.’ ಕಾವಲಿರುವ ಜಾಗದ ಎಲ್ಲೆಗೆ ಕಟ್ಟಿದ ಹಗ್ಗ ದಾಟಿ, ಮುಂಚೆ ಇಳಿದವರ ಸ್ಕೀ ಗೆರೆ ನಂಬಿ ಇಳಿದ ಆ ಮಾತಿನ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ನನಗೆ ಅಲ್ಲಿಂದ ಮುಂದಕ್ಕೆ ಓದಲಾಗಲಿಲ್ಲ.

ಪಲ್ಟಿ ಹೊಡೆದವಳ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಬಂಡೆಯ ಎತ್ತರ ಅವಳಿಗೆ ಕಣ್ಣೆದುರಿಗಿತ್ತು. ನಿಮಗಿದ್ದ ಹಿಮಕುಸಿತದ ಅಪಾಯ ಹಿಮದ ಮೇಲ್ಮೈಯಿಂದ ಒಂದು ಮೊಳ ಕೆಳಗಿತ್ತು, ಗೆರೆಗಳು ಅದರ ಮೇಲೆ ಹಾದು ಹೋಗಿದ್ದವು ಅಷ್ಟೆ.

ಡಿಸೆಂಬರಿನಲ್ಲಿ ಬೀಳುವ ಮೊದಲ ಹಿಮ ತೆಳ್ಳಗಿರುತ್ತದೆ. ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮೇಲಿನ ಗಾಳಿ ಮೈನಸ್ ಹದಿನೈದಕ್ಕೆ ಇಳಿದಿರುತ್ತದೆ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ಆವಿ ಮೇಲಕ್ಕೇರುತ್ತ ತಳದ ಹಿಮವನ್ನು ಒಂದಕ್ಕೊಂದು ಅಂಟದ ಹರಳುಗಳನ್ನಾಗಿ ಮಾಡುತ್ತದೆ. ಕೈಯಲ್ಲಿ ಹಿಡಿದರೆ ಕಲ್ಲುಸಕ್ಕರೆಯ ಪುಡಿ ಥರ ಉದುರುತ್ತದೆ, ಉಂಡೆ ಕಟ್ಟುವುದಿಲ್ಲ. ಆಮೇಲೆ ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದಿಂದ ದೊಡ್ಡ ದೊಡ್ಡ ಹವಾಮಾನದ ಅಲೆಗಳು ಬಂದು ಅದರ ಮೇಲೆ ಅಡಿಗಟ್ಟಲೆ ಹೊಸ ಹಿಮ ಸುರಿಯುತ್ತವೆ. ಗಾಳಿ ಅದನ್ನು ಬಿಗಿ ಮಾಡಿ ಹಲಗೆಯಂತೆ ಕೂರಿಸುತ್ತದೆ. ಮೇಲೆ ಹಲಗೆ, ಕೆಳಗೆ ಉದುರು ಹರಳು. ಆ ಹಲಗೆಯ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಮೀಟರ್ ದಪ್ಪ ಇರುವಲ್ಲಿ ನಿನ್ನ ತೂಕ ತಳದ ಪದರಕ್ಕೆ ತಲುಪದು. ಬಂಡೆಯ ಪಕ್ಕ, ದಿಣ್ಣೆಯ ನೆತ್ತಿ, ಇಳಿಜಾರಿನ ಅಂಚು, ಇಂಥಲ್ಲಿ ಅದು ಮೂವತ್ತು ನಲವತ್ತು ಸೆಂಟಿಮೀಟರಿಗೆ ಇಳಿದಿರುತ್ತದೆ. ಅಲ್ಲಿ ಕಾಲಿಟ್ಟರೆ ತಳ ಕುಸಿದು, ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹಬ್ಬಿ, ಹಲಗೆ ತುಂಡಾಗಿ ಜಾರುತ್ತದೆ.

ಈಗ ಗೆರೆಗಳ ಮಾತಿಗೆ ಬರುತ್ತೇನೆ. ಮುಂದೆ ಹೋದ ಐವರೂ ದಪ್ಪ ಇರುವಲ್ಲಿ ಹಾದಿರಬಹುದು. ಆರನೆಯವಳು ಹೊಸ ಹಿಮ ಬೇಕೆಂದು ಹತ್ತು ಮೀಟರ್ ಪಕ್ಕಕ್ಕೆ ಸರಿಯುತ್ತಾಳೆ. ಎಲ್ಲರೂ ಹಾಗೇ ಸರಿಯುತ್ತಾರೆ, ಹಳೆಯ ಗೆರೆಯಲ್ಲಿ ಯಾರಿಗೂ ಸುಖವಿಲ್ಲ. ಆ ಹತ್ತು ಮೀಟರಿನಲ್ಲಿ ಬಂಡೆಯೊಂದು ಮುಚ್ಚಿಕೊಂಡಿದ್ದರೆ ಮುಂಚಿನ ಐದು ಗೆರೆಗಳಿಂದ ನಿನಗೆ ಏನು ಬಂತು? ಗೊಂಡೊಲಾ ಎಂಬ ಕೇಬಲ್ ಕಾರಿನ ಕೆಳಗೆ, ಹಗ್ಗದ ಒಳಗಿರುವ ಬಟ್ಟಲಿನಂಥ ಇಳಿಜಾರು, ಆ ಬೌಲ್, ಬೇರೆ ಲೆಕ್ಕ. ಅಲ್ಲಿ ಸ್ಕೀ ಪ್ಯಾಟ್ರೋಲಿನವರು, ಅಂದರೆ ಇಳಿಜಾರಿನ ಕಾವಲಿನವರು, ಸ್ಫೋಟಕ ಸಿಡಿಸಿ ಬೀಳುವುದನ್ನು ಮೊದಲೇ ಬೀಳಿಸುತ್ತಾರೆ. ಪ್ರತಿ ಹಿಮ ಬಿದ್ದ ಮೇಲೂ ನೂರಾರು ಜನ ಓಡಾಡಿ ಪದರಗಳನ್ನು ತುಳಿದು ಮುರಿದಿರುತ್ತಾರೆ. ಹಗ್ಗದ ಆಚೆಯ ನಾಲ್ಕೈದು ಗೆರೆ ಆ ಕೆಲಸ ಮಾಡುವುದಿಲ್ಲ. ಅವು ಬೆಳಗಿನವೋ ನಿನ್ನೆಯವೋ, ಆಮೇಲೆ ಬಿಸಿಲು ಬಿತ್ತೋ ಗಾಳಿ ಹಿಮ ತಂದು ಹೇರಿತೋ, ಅದನ್ನೂ ಅವು ಹೇಳುವುದಿಲ್ಲ.

2010ರ ಫೆಬ್ರವರಿ 8ರಂದು ಇದೇ ಗುಲ್ಮಾರ್ಗಿನ ಮೇಲಿನ ಖಿಲನ್‌ಮಾರ್ಗಿನಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ ತರಬೇತಿಯಲ್ಲಿದ್ದ 17 ಯೋಧರು ಹಿಮಕುಸಿತದಲ್ಲಿ ಹೋದರು. ಬೆಟ್ಟದ ಕೆಲಸವನ್ನೇ ಕಲಿಯುತ್ತಿದ್ದವರು ಅವರು. 2023ರ ಫೆಬ್ರವರಿ 1ರಂದು ಅಫರ್ವಟ್ ಬೆಟ್ಟದ ಹಾಪತ್‌ಖುಡ್ ಕಡೆ ಪೋಲೆಂಡಿನ ಇಬ್ಬರು, ಮರುವರ್ಷ ಫೆಬ್ರವರಿ 22ರಂದು ರಷ್ಯಾದ ಒಬ್ಬ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ನೀನು ನಿಂತಿದ್ದ ಬೆಟ್ಟ ಅದೇ.

ಮೊದಲು ಅಫರ್ವಟ್‌ಗೆ ಗೊಂಡೊಲಾ ಇರಲಿಲ್ಲ. ಎರಡನೇ ಹಂತ ಶುರುವಾದದ್ದು 2005ರಲ್ಲಿ. ಅದಕ್ಕೂ ಮುಂಚೆ ಸ್ಕೀಯ ತಳಕ್ಕೆ ಸ್ಕಿನ್ ಎಂಬ, ಹಿಂದಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಗಂಟೆಗಟ್ಟಲೆ ಹತ್ತಬೇಕಿತ್ತು. ಹತ್ತುವಾಗಲೇ ಹಿಮದ ಪರಿಚಯವಾಗುತ್ತಿತ್ತು. ಕೈಯ ಊರುಗೋಲು, ಅದೇ ಪೋಲ್, ಎಲ್ಲಿ ಸರಕ್ಕನೆ ಇಳಿಯಿತು, ಎಲ್ಲಿ ತಡೆಯಿತು, ಕಾಲಡಿ ಎಲ್ಲಿ ‘ಧುಪ್’ ಎಂದು ಕುಸಿದ ಸದ್ದಾಯಿತು, ಎಲ್ಲ ಕೈಗೆ ಕಿವಿಗೆ ಗೊತ್ತಾಗುತ್ತಿತ್ತು. ಈಗ ಡಬ್ಬಿಯಲ್ಲಿ ಕೂತು ಕೆಲವೇ ನಿಮಿಷಕ್ಕೆ 3,900 ಮೀಟರಿನ ಮೇಲೆ ಇಳಿಯುತ್ತೀರಿ, ಹಿಮವನ್ನು ಒಮ್ಮೆಯೂ ಮುಟ್ಟದೆ. ಆಗ ಗೆರೆಯೊಂದೇ ಕಣ್ಣಿಗೆ ಬೀಳುತ್ತದೆ. ಅದು ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ನಿನಗೆ ಇದನ್ನೆಲ್ಲ ಕಾಲಡಿಯಲ್ಲೇ ತೋರಿಸಿಕೊಡುವ ಹಾಗೆ ಈ ಊರಲ್ಲಿ ಹಿಮ ಬೀಳುವುದಿಲ್ಲ, ನೀನು ಹೊರಡುವ ಹೊತ್ತಿಗೆ ನನಗೆ ಅಷ್ಟೆತ್ತರಕ್ಕೆ ಬರುವ ಎದೆಯೂ ಉಳಿದಿರಲಿಲ್ಲ. ಆ ಕೊರಗು ನನಗಿದೆ.

‘ಧುಪ್’ ಸದ್ದು ಎಂದೆನಲ್ಲ, ಅದು ಕೇಳಿದರೆ ಅಲ್ಲಿಗೆ ಮುಗಿಯಿತು, ಎಷ್ಟು ಗೆರೆ ಇದ್ದರೂ ವಾಪಸ್. ಸ್ಕೀಯ ಮುಂದೆ ಬಿರುಕು ಓಡಿದರೂ ಅಷ್ಟೆ. ಅದೇ ದಿಕ್ಕಿನ ಇನ್ನೊಂದು ಇಳಿಜಾರು ಆಗಲೇ ಜಾರಿ ಬಿದ್ದಿರುವುದು ಕಂಡರೂ ಅಷ್ಟೆ. ದೊಡ್ಡ ಹಿಮ ಬಿದ್ದ ಮೇಲಿನ 24ರಿಂದ 48 ಗಂಟೆ ಬೌಲ್ ಬಿಟ್ಟು ಆಚೆ ಹೋಗಬೇಡ. ನಿಮಗೆಲ್ಲ ಆಸೆ ಹೆಚ್ಚುವುದು ಆ ಹೊತ್ತಿಗೇ ಎಂದು ನನಗೆ ಗೊತ್ತು, ಹೇಳುವುದಕ್ಕೆ ಸಂಕೋಚವೂ ಆಗುತ್ತದೆ.

ಬಂಡೆಯಿಂದ ಹಾರಿದವಳ ವೀಡಿಯೊ ನಿನಗೆ ಇಷ್ಟವಾಯಿತು ಅಂದೆ. ಅಮೆರಿಕದ ಜೇಮಿ ಪಿಯರ್ 2006ರಲ್ಲಿ 255 ಅಡಿ ಎತ್ತರದ ಬಂಡೆಯಿಂದ ಸ್ಕೀ ಸಮೇತ ಹಾರಿ, ತಲೆಕೆಳಗಾಗಿ ಹಿಮದಲ್ಲಿ ಹೂತು, ಬದುಕಿ ಎದ್ದು ಬಂದ. ಅವನು ತೀರಿಕೊಂಡದ್ದು 2011ರ ನವೆಂಬರಿನಲ್ಲಿ, ಯೂಟಾದ ಸ್ನೋಬರ್ಡಿನಲ್ಲಿ, ರೆಸಾರ್ಟ್ ಇನ್ನೂ ತೆರೆಯುವ ಮುಂಚೆ, ಅಷ್ಟೇನೂ ದೊಡ್ಡದಲ್ಲದ ಒಂದು ಹಿಮಕುಸಿತದಲ್ಲಿ. ತೆಳು ಹಿಮ, ಕೆಳಗೆ ಬಂಡೆ. ಅವನನ್ನು ಆ ಬಂಡೆಗಳ ಮೇಲೆ ಎಳೆದುಕೊಂಡು ಹೋಯಿತು. 255 ಅಡಿ ಕೊಲ್ಲದವನನ್ನು ಸಾಮಾನ್ಯವಾಗಿ ಕಾಣುವ ಇಳಿಜಾರು ಕೊಂದಿತು. ನನ್ನ ಭಯ ಯಾಕೆ ಬಂಡೆಯ ಮೇಲಿಲ್ಲ, ಗೆರೆಯ ಮೇಲಿದೆ ಎನ್ನುವುದು ಇದರಿಂದ ನಿನಗೆ ತಿಳಿದೀತು.

ಧೈರ್ಯವನ್ನೇ ನೋಡಬೇಕೆಂದಿದ್ದರೆ ಪೋಲೆಂಡಿನ ಆಂದ್ಜೆಯ್ ಬಾರ್ಗಿಯೆಲ್‌ನನ್ನು ನೋಡು. 2018ರ ಜುಲೈ 22ರಂದು ಕೆ2 ಶಿಖರದಿಂದ ತಳದ ಶಿಬಿರದವರೆಗೆ ಸ್ಕೀಯಲ್ಲಿ ಇಳಿದ ಮೊದಲಿಗ. ಹಿಂದಿನ ವರ್ಷ ಅದೇ ಬೆಟ್ಟಕ್ಕೆ ಹೋಗಿ, ಬಿಸಿಲಿಗೆ ಹಿಮ ಕಲ್ಲು ಬೀಳುವುದು ಕಂಡು ಹಿಂತಿರುಗಿದ್ದ. 2019ರಲ್ಲಿ ಎವರೆಸ್ಟಿಗೆ ಹೋದ. ಖುಂಬು ಹಿಮಪ್ರವಾಹದ ಮೇಲೆ ಭಾರಿ ಮಂಜುಗಡ್ಡೆಯೊಂದು ವಾಲಿ ನಿಂತಿತ್ತು, ವಾಪಸ್ ಬಂದ. 2022ರಲ್ಲಿ ಗಾಳಿ, ಮತ್ತೆ ವಾಪಸ್. 2025ರ ಸೆಪ್ಟೆಂಬರಿನಲ್ಲಿ ಕೃತಕ ಆಮ್ಲಜನಕವಿಲ್ಲದೆ ಹತ್ತಿ, ಸ್ಕೀಯಲ್ಲಿ ಇಳಿದ. ಕೆ2ನಲ್ಲಿ ಅವನ ಸಹೋದರ ಡ್ರೋನ್ ಹಾರಿಸಿ ಮುಂದಿನ ದಾರಿ ನೋಡಿ ಹೇಳುತ್ತಿದ್ದ. ಅವನ ಮುಂದೆ ಯಾರ ಗೆರೆಯೂ ಇರಲಿಲ್ಲ, ಬಹುಶಃ ಅದಕ್ಕೇ ಅಷ್ಟು ನೋಡಿ ಇಳಿದ.

ಸ್ಕೀ ಕಟ್ಟಿಕೊಂಡು ಕೊರಕಲಿಗೆ ಹಾರಿ, ಗಾಳಿಯಲ್ಲೇ ಸ್ಕೀ ಕಳಚಿ, ರೆಕ್ಕೆಯ ಅಂಗಿಯಲ್ಲಿ ಹಾರುವವರ ಬಗ್ಗೆಯೂ ಕೇಳಿದ್ದೀಯ. ಶೇನ್ ಮೆಕಾಂಕಿ ಅದರಲ್ಲಿ ಪಳಗಿದವನು. 2009ರ ಮಾರ್ಚ್ 26ರಂದು ಇಟಲಿಯ ಡೋಲೊಮೈಟ್ ಬೆಟ್ಟದಲ್ಲಿ ಸ್ಕೀ ಸಮಯಕ್ಕೆ ಕಳಚಿಕೊಳ್ಳಲಿಲ್ಲ, ಪ್ಯಾರಾಚೂಟ್ ಬಿಚ್ಚಲು ಎತ್ತರ ಉಳಿಯಲಿಲ್ಲ. ನೀನು ಅದನ್ನು ಮಾಡುವವಳಲ್ಲ, ಆದರೂ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಚ್ಚುವ ಬೈಂಡಿಂಗ್ ವಿಷಯ ನಿನಗೂ ಬೇಕು. ಗೆಳತಿಯ ಸ್ಕೀ ಎರವಲು ತಂದೆ ಅಂತ ಬರೆದಿದ್ದೀಯ. ಬೈಂಡಿಂಗಿನ ಮೇಲಿನ ಅಂಕಿಯನ್ನು ನಿನ್ನ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ನೀನು ಸ್ಕೀ ಮಾಡುವ ರೀತಿ ನೋಡಿ ಇಡಬೇಕು. ಬೂಟಿನ ತಳದ ಉದ್ದ ಮಿಲಿಮೀಟರಿನಲ್ಲಿ ಹಿಮ್ಮಡಿಯ ಪಕ್ಕ ಅಚ್ಚಾಗಿರುತ್ತದೆ. ಅವಳ ಬೂಟು ನಿನ್ನದಕ್ಕಿಂತ ಉದ್ದವಿದ್ದರೆ ಹಿಂದಿನ ತುಂಡಿನ ಒತ್ತಡವೇ ಬದಲಾಗಿ, ಬೇಡದಾಗ ಬಿಚ್ಚುತ್ತದೆ ಅಥವಾ ಬೇಕಾದಾಗ ಬಿಚ್ಚುವುದಿಲ್ಲ. ಉಬ್ಬುತಳದ ಹೊಸ ಗ್ರಿಪ್‌ವಾಕ್ ಬೂಟು ಹಳೆಯ ಬೈಂಡಿಂಗಿಗೆ ಸರಿಹೊಂದುವುದಿಲ್ಲ. ಅಂಗಡಿಯವನ ಕೈಲೇ ಸರಿ ಮಾಡಿಸು, ನೀನೇ ಸ್ಕ್ರೂ ತಿರುಗಿಸಬೇಡ. ಕಾಲಿಡುವ ಮುಂಚೆ ತಳಕ್ಕೆ ಮೆತ್ತಿದ ಹಿಮ ಕೆರೆದು ತೆಗೆ. ದಾರಿ ತಪ್ಪಿ ಬೇರೆಲ್ಲೋ ಹೋದೆ, ಬೇಸರ ಮಾಡಿಕೊಳ್ಳಬೇಡ.

ಮತ್ತೆ ಗೆರೆಗೇ ಬರುತ್ತೇನೆ. ನಿಮ್ಮಮ್ಮನಿಗೆ ಮೆಲ್ಲಗೆ ವಿಷಯ ಹೇಳಿದಾಗ ಅವಳು ಅಂದದ್ದು, ‘ನಮ್ಮ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿರಲಿಲ್ಲವೇ?’ ಹೌದು, 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಆ ಯೋಧನನ್ನು ಸಿಯಾಚಿನ್‌ನಲ್ಲಿ ಆರನೇ ದಿನ ಜೀವಂತವಾಗಿ ಹೊರತೆಗೆದರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ನಾಡೇ ಅತ್ತಿತು. ಆದರೆ ಅವನಿದ್ದದ್ದು ಶಿಬಿರದಲ್ಲಿ, ಅವನ ಸುತ್ತ ಉಸಿರಾಡುವಷ್ಟು ಗಾಳಿ ಉಳಿದಿತ್ತು. ಜೊತೆಗಿದ್ದ ಒಂಬತ್ತು ಜನ, ಅದರಲ್ಲಿ ಹಾಸನ, ಎಚ್.ಡಿ. ಕೋಟೆ ಕಡೆಯವರೂ ಇದ್ದರು, ಒಬ್ಬರೂ ಉಳಿಯಲಿಲ್ಲ. ಇಳಿಜಾರಿನಲ್ಲಿ ಸಿಕ್ಕಿಬಿದ್ದವರಿಗೆ ಹಿಮ ಬಾಯಿ ಮೂಗಿನವರೆಗೂ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರು. ಬೇಸ್‌ನಿಂದ ಯಾರೂ ಅಷ್ಟರೊಳಗೆ ಬರಲಾರರು. ತೆಗೆಯುವವರು ಜೊತೆಗಿದ್ದ ನೀವೇ.

ನಮ್ಮ ಕಾಲದಲ್ಲಿ ಸೊಂಟಕ್ಕೆ ಕೆಂಪು ದಾರ ಕಟ್ಟಿಕೊಳ್ಳುತ್ತಿದ್ದರು, ಹೂತರೆ ದಾರದ ತುದಿಯಾದರೂ ಮೇಲೆ ಉಳಿದೀತು ಎಂದು. ಎಷ್ಟೋ ಸಲ ಉಳಿಯುತ್ತಿರಲಿಲ್ಲ. ಆ ದಾರ ನೆನಪಾದಾಗಲೆಲ್ಲ ನಿಮಗಿರುವ ಬೀಕನ್, ಹೂತವರ ಜಾಗ ತೋರಿಸುವ ಆ ರೇಡಿಯೊ ಯಂತ್ರ, ಎಷ್ಟು ದೊಡ್ಡ ವಸ್ತು ಅನಿಸುತ್ತದೆ. ಅದು 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಯಾವ ಕಂಪನಿಯದಾದರೂ ಒಂದಕ್ಕೊಂದು ಕೇಳಿಸುತ್ತದೆ. ಒಳಂಗಿಯ ಮೇಲೆ, ಜಾಕೆಟಿನ ಒಳಗೆ ಕಟ್ಟಿಕೋ, ಬ್ಯಾಗಿನಲ್ಲಿ ಹಾಕಬೇಡ, ಬ್ಯಾಗ್ ಕಿತ್ತುಕೊಂಡು ಹೋಗುತ್ತದೆ. ಫೋನು ಅದರಿಂದ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50. ಸಾಮಾನ್ಯ ಆಲ್ಕಲೈನ್ ಸೆಲ್ ಹಾಕು, ಚಾರ್ಜ್ ಮಾಡುವ ಸೆಲ್ ಬೇಡ, ಅದು ಕೊನೆಯವರೆಗೂ ತುಂಬಿದಂತೆ ತೋರಿಸಿ ಫಕ್ಕನೆ ಆರುತ್ತದೆ. ಹುಡುಕುವಾಗ ಮೂರು ಮೀಟರಿನೊಳಗೆ ಬಂದ ಮೇಲೆ ಬೀಕನನ್ನು ಹಿಮಕ್ಕೆ ತಾಗುವಂತೆ ಹಿಡಿದು ನಿಧಾನ ಮಾಡು. ಅದು ತೋರಿಸುವ ದೂರದ ಅಂಕಿ ಅತಿ ಕಡಿಮೆಯಾದಲ್ಲಿಂದ 25 ಸೆಂಟಿಮೀಟರಿಗೊಂದರಂತೆ ಸುತ್ತುತ್ತ ಪ್ರೋಬ್ ಎಂಬ ಉದ್ದ ಸರಳು ಚುಚ್ಚು. ತಾಗಿದರೆ ಪ್ರೋಬ್ ಕೀಳಬೇಡ, ಅದರ ಮೇಲೆ ನಿಂತು ಅಗೆಯಬೇಡ, ಇಳಿಜಾರಿನ ಕೆಳಬದಿಯಿಂದ ಅದರತ್ತ ಅಗೆ. ಸಲಿಕೆ ಲೋಹದ್ದೇ ಇರಲಿ, ಪ್ಲಾಸ್ಟಿಕ್ ಸಲಿಕೆ ಗಟ್ಟಿಯಾದ ಹಿಮಕ್ಕೆ ಮುರಿಯುತ್ತದೆ. ಹಿಮಕುಸಿತದಲ್ಲಿ ಉಬ್ಬಿ ಮೇಲಕ್ಕೆ ತೇಲಿಸುವ ಗಾಳಿಚೀಲದ ಬ್ಯಾಗ್ ಒಳ್ಳೆಯದು, ಆದರೆ ಕೊರಕಲಿಗೆ ತಳ್ಳಿದರೆ, ಬಂಡೆಗೆ ಬಡಿದರೆ ಅದೂ ಕಾಯದು.

ಇಷ್ಟೆಲ್ಲ ಇದ್ದೂ ಐದು ಜನ ಒಟ್ಟಿಗೆ ಒಂದೇ ಇಳಿಜಾರಿನಲ್ಲಿದ್ದರೆ ತೆಗೆಯಲು ಯಾರು ಉಳಿಯುತ್ತಾರೆ? ಒಬ್ಬೊಬ್ಬರೇ ಇಳಿಯಿರಿ. ಉಳಿದವರು ದಿಣ್ಣೆಯ ಮೇಲೋ ದಟ್ಟ ಮರಗಳ ಬದಿಗೋ ನಿಂತು ಕಣ್ಣಿಟ್ಟಿರಿ, ಇಳಿಜಾರಿನ ಬುಡದಲ್ಲಿ ಕಾಯಬೇಡಿ. ಕೆಳಗೆ ಫರ್ ಮರಗಳ ನಡುವೆ ಬರುವಾಗ ಪೋಲಿನ ಪಟ್ಟಿಯನ್ನು ಮಣಿಕಟ್ಟಿನಿಂದ ತೆಗೆ. ಕೊಂಬೆಯಡಿಯ ಪೊಳ್ಳು ಹಿಮದಲ್ಲಿ ತಲೆಕೆಳಗಾಗಿ ಬಿದ್ದವರು ಕೈ ಬಿಡಿಸಿಕೊಳ್ಳಲಾಗದೆ ಉಸಿರು ಕಟ್ಟಿ ಹೋಗುತ್ತಾರೆ, ಹತ್ತು ಮಾರು ದೂರದ ಗೆಳೆಯನಿಗೆ ಕೂಗೂ ಕೇಳಿಸದು.

ಪ್ಯಾಟ್ರೋಲಿನವರು ಬೆಳಗ್ಗೆ ಹಿಮಕುಸಿತದ ಅಪಾಯದ ಮಟ್ಟ ಹಾಕುತ್ತಾರಲ್ಲ, ಒಂದರಿಂದ ಐದರವರೆಗೆ, ಅದರಲ್ಲಿ ಮೂರು ಎಂದರೆ ನಡುವಿನದು, ಪರವಾಗಿಲ್ಲ ಎಂದುಕೊಳ್ಳಬೇಡ ಮಾರಾಯ್ತಿ. ಜನ ಹೆಚ್ಚು ಸಾಯುವುದು ಮೂರರ ದಿನಗಳಲ್ಲೇ. ನಾಲ್ಕು ಐದಕ್ಕೆ ಎಲ್ಲರೂ ಹೆದರಿ ಒಳಗಿರುತ್ತಾರೆ, ಮೂರಕ್ಕೆ ಹೊರಡುತ್ತಾರೆ, ಗೆರೆಗಳೂ ಬೀಳುತ್ತವೆ.

ಈ ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆ. ನೀವು ಇಳಿದ ಜಾಗ ಎಷ್ಟು ಡಿಗ್ರಿ ಇತ್ತು? ಪೋಲನ್ನು ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟರೆ ಕೋನ ತೋರಿಸುತ್ತದೆ. 30ರಿಂದ 45ರ ನಡುವೆ ಹಲಗೆ ಜಾರುತ್ತದೆ, 38ರ ಆಸುಪಾಸಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಳೆಯುವುದಕ್ಕೆಂದು ಆ ಜಾಗಕ್ಕೇ ಮತ್ತೆ ಹೋಗಬೇಡ, ಬೌಲಿನ ಒಳಗೆ ಅಷ್ಟೇ ಕಡಿದಾದ ಇಳಿಜಾರು ನೋಡಿ ಅಳೆ. ಅದರ ಮೇಲ್ಗಡೆ ಏನಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನಿಮ್ಮ ಐವರಲ್ಲಿ ಬೀಕನ್, ಪ್ರೋಬ್, ಸಲಿಕೆ ಮೂರೂ ಯಾರ ಯಾರ ಹತ್ತಿರ ಇದ್ದವು, ಹೆಸರು ಹಿಡಿದು ಬರೆ. ಇಲ್ಲದವರಿಗೆ ಕೊಳ್ಳಲು ದುಡ್ಡು ಸಾಲದಿದ್ದರೆ ಅದನ್ನೂ ಬರೆ, ಕಳಿಸುತ್ತೇನೆ.

ಇತಿ ನಿನ್ನ
ಸೋದರಮಾವ