ಮರೆವಿಗೆ ಮಾತ್ರೆ ಕೇಳುವ ಮೊದಲು

ಮಾನ್ಯರೆ,

ಕುಮಟಾದಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. 'ಅಕ್ಕಾ, ನೆನಪಿನ ಶಕ್ತಿಗೆ ಏನಾದ್ರೂ ಮಾತ್ರೆ ಕೊಡಿ' ಎಂದು 25 ದಾಟದ ಹುಡುಗ ಹುಡುಗಿಯರು ಈಗೀಗ ಜಾಸ್ತಿ ಬರುತ್ತಾರೆ. ಸ್ಕೂಟರ್ ಕೀ ಎಲ್ಲಿಟ್ಟೆ ಎಂಬುದೇ ನೆನಪಾಗುವುದಿಲ್ಲವಂತೆ. ನಿದ್ದೆ ಹೇಗಿದೆ ಎಂದು ಕೇಳಿದರೆ, ಮೊಬೈಲ್ ಕೆಳಗಿಡುವಾಗಲೇ ರಾತ್ರಿ 2 ಗಂಟೆ! ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ತಾಸು ನಿದ್ದೆ ಬೇಕು. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದೇ ಆಗ.

ಎಲ್ಲದಕ್ಕೂ ನಿದ್ದೆಯೇ ಕಾರಣವಲ್ಲ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಕುಡಿತ ಕೂಡ ಮರೆವು ತರಬಹುದು. ವಿಟಮಿನ್ ಬಿ12 ಕೊರತೆಯೂ ಅಷ್ಟೇ. ಬಂಗಡೆ ಮೀನು ತಿನ್ನುವವರಿಗೆ ಈ ವಿಟಮಿನ್ ಧಾರಾಳವಾಗಿ ಸಿಗುತ್ತದೆ. ಮೀನು, ಮೊಟ್ಟೆ ತಿನ್ನದವರು ಹಾಲು ಮೊಸರನ್ನೂ ಬಿಟ್ಟರೆ ಕಷ್ಟ. ನೆಗಡಿಗೆ, ತುರಿಕೆಗೆ ಸುಮ್ನೆ ನುಂಗುವ ಕೆಲವು ಹಳೆಯ ಮಾತ್ರೆಗಳಿಂದಲೂ ಮಂಪರು ಬಂದು ಗಮನ ನಿಲ್ಲುವುದಿಲ್ಲ. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ಮೂರೂ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ಕಾಲೇಜುಗಳಲ್ಲಿ ರಕ್ತದಾನ ಶಿಬಿರ ಮಾಡುತ್ತಾರೆ ಅಲ್ವಾ? ಹಾಗೆಯೇ ವರ್ಷಕ್ಕೊಮ್ಮೆ ಈ ತಪಾಸಣೆಯನ್ನೂ ಜಿಲ್ಲೆಯ ಆರೋಗ್ಯ ಇಲಾಖೆ ನಡೆಸಬೇಕು. ಖಿನ್ನತೆಯ ಬಗ್ಗೆ ಮಕ್ಕಳ ಜೊತೆ ಕೂತು ಮಾತಾಡುವವರೂ ಅಲ್ಲಿರಲಿ.

– ಔಷಧ ಅಂಗಡಿಯಾಕೆ, ಕುಮಟಾ