‘ನಾಳೆ ಬರುತ್ತದೆ’ ಎಂದು ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ಹೊರದೇಶದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ‘ಪಾರ್ಥಿವ ಶರೀರ ಇನ್ನೆರಡು ದಿನಗಳಲ್ಲಿ ತಲುಪಲಿದೆ.’ ಮೊದಲೆಲ್ಲ ನಾನೂ ಆ ಸಾಲು ಓದಿ ಮುಂದಿನ ಸುದ್ದಿಗೆ ಹೋಗುತ್ತಿದ್ದೆ. ಈಗ ಆಗುವುದಿಲ್ಲ. ನನ್ನ ತಮ್ಮ ಬೇರೆ ದೇಶದಲ್ಲಿ ತೀರಿಕೊಂಡ. ಅವನು ಮನೆಗೆ ಬರಲು 13 ದಿನ ಹಿಡಿಯಿತು. ಅಷ್ಟು ದಿನದಲ್ಲಿ ನಾಲ್ಕು ಸಲ ನಮಗೆ ‘ನಾಳೆ ಬರುತ್ತೆ’ ಅಂತ ಹೇಳಿದರು. ಹೇಳಿದವರು ಯಾರೂ ಕೆಟ್ಟವರಲ್ಲ, ನಮಗೆ ಧೈರ್ಯ ಬರಲಿ ಅಂತಲೇ ಹೇಳಿದರು. ಆದರೆ ನಾಲ್ಕು ಸಲವೂ ಅಮ್ಮ ಬೆಳಗಾಗುವ ಮೊದಲೇ ಎದ್ದು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಅದನ್ನು ನೋಡಿದ ನನಗೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ದೇಶದ ಹೆಸರು ಬರೆಯುತ್ತಿಲ್ಲ. ಕಾಗದಗಳ ಹೆಸರು ಅಲ್ಲಲ್ಲಿ ಬೇರೆ ಇರಬಹುದು, ಬೇಕಾಗುವ ಕಾಗದಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೇ.

ಮೊದಲ ಫೋನ್ ಬಂದದ್ದು ರಾತ್ರಿ ಹನ್ನೊಂದೂವರೆಗೆ. ತಮ್ಮನ ಜೊತೆ ಒಂದೇ ಮನೆಯಲ್ಲಿದ್ದ ಹುಡುಗ. ‘ಅಕ್ಕಾ, ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ? ಅವರಿಗೆ ಫೋನ್ ಕೊಡ್ತೀರಾ?’ ಅಂದ. ಅಷ್ಟಕ್ಕೇ ನನಗೆ ತಿಳಿದುಹೋಯಿತು. ‘ನನಗೇ ಹೇಳಪ್ಪಾ’ ಅಂದೆ. ತಮ್ಮ ಬೆಳಿಗ್ಗೆ ಎದ್ದೇ ಇರಲಿಲ್ಲವಂತೆ. ರಜೆ ಹಾಕಿ ಮಲಗಿದ್ದಾನೆ ಅಂತ ಇವರೆಲ್ಲ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಸಂಜೆ ಬಂದು ಬಾಗಿಲು ತಟ್ಟಿದಾಗಲೇ ಗೊತ್ತಾಗಿದ್ದು. ಅವನಿಗೆ 41 ವರ್ಷ. ಮದುವೆ ಆಗಿರಲಿಲ್ಲ.

ಅದೇ ರಾತ್ರಿ ಅವನ ಕೆಲಸದ ಕಡೆಯಿಂದ ಒಬ್ಬರು ಮಾತಾಡಿದರು. ‘ಚಿಂತೆ ಮಾಡಬೇಡಿ, ನಾಳೆ ಅಲ್ಲದಿದ್ರೆ ನಾಡಿದ್ದು ಕಳಿಸಿಕೊಡ್ತೀವಿ’ ಅಂದರು. ನಾನು ಅದನ್ನು ಹಾಗೇ ಅಮ್ಮನಿಗೆ ಹೇಳಿದೆ. ಆ ಮೊದಲ ‘ನಾಳೆ’ ಅಮ್ಮನ ಕಿವಿಗೆ ಬಿದ್ದದ್ದು ನನ್ನ ಬಾಯಿಂದಲೇ.

ಅದು ಸಾಧ್ಯವೇ ಇರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಆಸ್ಪತ್ರೆಯಲ್ಲಿ, ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಎದುರಿಗೇ ಸತ್ತರೆ ಸಾವಿನ ಕಾರಣವನ್ನು ಅವರೇ ಬರೆದುಕೊಡುತ್ತಾರೆ. ಒಬ್ಬರೇ ಇದ್ದಾಗ, ಯಾವ ಕಾಯಿಲೆಯೂ ಗೊತ್ತಿಲ್ಲದೆ ಸತ್ತರೆ ವಿಷಯ ಪೊಲೀಸರ ಕೈಗೆ ಹೋಗುತ್ತದೆ. ಕೆಲವು ದೇಶಗಳಲ್ಲಿ ಇದಕ್ಕೆಂದೇ ಬೇರೆ ಅಧಿಕಾರಿ ಇರುತ್ತಾರೆ. ಪೋಸ್ಟ್‌ಮಾರ್ಟಂ ಬೇಕೋ ಬೇಡವೋ ಎಂದು ಅವರು ತೀರ್ಮಾನಿಸಬೇಕು. ಆಮೇಲೆ ದೇಹ ಬಿಟ್ಟುಕೊಡಲು ಒಪ್ಪಿ ಬರೆದುಕೊಡಬೇಕು. ಆ ಒಂದು ಕಾಗದ ಬರುವ ತನಕ ದೇಹ ಶವಾಗಾರದಿಂದ ಅಲ್ಲಾಡುವುದಿಲ್ಲ. ಯಾರ ಶಿಫಾರಸೂ ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ನಮ್ಮ ಹುಡುಗನಿಗೆ ಏನಾಯಿತು ಅಂತ ನಮಗೂ ಗೊತ್ತಾಗಬೇಕು ಅಲ್ವಾ?

ನಮಗೆ ಆ ಕಾಗದ ಸಿಕ್ಕಿದ್ದು ಐದನೇ ದಿನ.

ಈ ಮಧ್ಯೆ ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ವಿದೇಶಿ ಪ್ರಜೆಯೊಬ್ಬರು ಸತ್ತದ್ದು ಗೊತ್ತಾದರೆ ಅಲ್ಲಿನ ಅಧಿಕಾರಿಗಳು ತಡ ಮಾಡದೆ ಅವರ ದೇಶದ ಕಾನ್ಸುಲೇಟಿಗೆ (ಹೊರದೇಶದಲ್ಲಿ ತಮ್ಮ ಪ್ರಜೆಗಳ ಕೆಲಸ ನೋಡಿಕೊಳ್ಳುವ ಸರ್ಕಾರಿ ಕಚೇರಿ) ತಿಳಿಸಬೇಕು. ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 37ನೇ ವಿಧಿಯಲ್ಲಿ ಹಾಗಿದೆ. ಆದರೂ ಮನೆಯವರು ಅವರ ಫೋನಿಗೆ ಕಾಯದೆ ತಾವೇ ಮಾಡುವುದು ಒಳ್ಳೆಯದು. ನಾನು ಆ ಹೆಣ್ಣುಮಗಳನ್ನೂ ‘ಯಾವಾಗ ಬರುತ್ತಾನೆ’ ಅಂತಲೇ ಕೇಳಿದೆ. ಅವರು, ‘ಅಮ್ಮಾ, ದಿನ ಹೇಳೋಕೆ ನನ್ನಿಂದ ಆಗಲ್ಲ. ಈಗ ಪೊಲೀಸರ ಕಾಗದ ಬರಬೇಕು. ಅದು ಬಂದ ತಕ್ಷಣ ನಾನೇ ಫೋನ್ ಮಾಡ್ತೀನಿ. ಅಲ್ಲೀವರೆಗೆ ನೀವು ಒಂದು ಕೆಲಸ ಮಾಡಿ, ಒಪ್ಪಿಗೆ ಪತ್ರ ಕಳಿಸಿ’ ಅಂದರು.

ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಅಷ್ಟು ದಿನದಲ್ಲಿ ಮೊದಲ ಸಲ ಕೂತು ಅತ್ತೆ. ನಾನು ಕಾಯುತ್ತಿರುವುದು ಯಾವುದಕ್ಕೆ ಅಂತ ಅವತ್ತು ಗೊತ್ತಾಯಿತು. ಅವರು ದಿನ ಹೇಳಲಿಲ್ಲ, ಕಾಗದದ ಹೆಸರು ಹೇಳಿದರು. ಎಲ್ಲರೂ ಹೀಗೆ ಹೇಳಿದ್ದರೆ ಅಮ್ಮ ಬಾಗಿಲಲ್ಲಿ ಕೂರುತ್ತಿರಲಿಲ್ಲ.

ಒಪ್ಪಿಗೆ ಪತ್ರ ಅಂದರೆ, ಹತ್ತಿರದ ಸಂಬಂಧಿ ಸಹಿ ಹಾಕಿ, ‘ದೇಹವನ್ನು ಮನೆಗೆ ಕಳಿಸಿ, ಅಲ್ಲಿ ನಮ್ಮ ಪರವಾಗಿ ಇಂಥವರು ಓಡಾಡುತ್ತಾರೆ’ ಎಂದು ಬರೆದುಕೊಡುವುದು. ಸಣ್ಣ ಕೆಲಸದ ಹಾಗೆ ಕಾಣುತ್ತದೆ. ನಮ್ಮದು ಒಂದು ಸಲ ವಾಪಸ್ ಬಂತು, ತಮ್ಮನ ಪಾಸ್‌ಪೋರ್ಟ್ ನಂಬರ್ ಬರೆದಿರಲಿಲ್ಲ. ಅಮ್ಮನ ಕೈಯಲ್ಲಿ ಎರಡನೇ ಸಲ ಸಹಿ ಹಾಕಿಸುವುದು ನನಗೆ ತುಂಬಾ ಕಷ್ಟವಾಯಿತು. ಸತ್ತವರ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಸಹಿ ಹಾಕುವವರಿಗೆ ಏನು ಸಂಬಂಧ, ಓಡಾಡುವವರ ಹೆಸರು ಮತ್ತು ಗುರುತಿನ ಚೀಟಿ ನಂಬರ್, ಇಷ್ಟೂ ಮೊದಲ ಸಲವೇ ಬರೆದುಬಿಡಿ.

ಎರಡನೇ ‘ನಾಳೆ’ ಹೇಳಿದ್ದು ತಮ್ಮನ ಗೆಳೆಯನೇ, ಪಾಪ. ಪೊಲೀಸರ ಕಾಗದ ಕೈಗೆ ಬಂದ ಖುಷಿಗೆ ‘ಅಕ್ಕಾ, ಎಲ್ಲಾ ಮುಗೀತು, ನಾಳೆ ಹೊರಡುತ್ತೆ’ ಅಂದ. ನಿಜವಾಗಿ ಅವತ್ತು ಕೆಲಸ ಶುರುವಾಗಿತ್ತು ಅಷ್ಟೆ. ಇನ್ನೂ ಸಾವಿನ ನೋಂದಣಿ ಆಗಬೇಕಿತ್ತು. ಅಂಟುರೋಗದಿಂದ ಸತ್ತದ್ದಲ್ಲ ಎಂಬ ಕಾಗದ, ಎಂಬಾಮಿಂಗ್ ಆದ ಕಾಗದ, ಪೆಟ್ಟಿಗೆ ಮುಚ್ಚಿದ ಕಾಗದ, ಪಾಸ್‌ಪೋರ್ಟ್ ರದ್ದು ಮಾಡಿ ರಾಯಭಾರ ಕಚೇರಿ ‘ನಮ್ಮ ಅಡ್ಡಿಯಿಲ್ಲ’ ಎಂದು ಬರೆದು ಕೊಡುವ ಎನ್‌ಒಸಿ, ಇವೆಲ್ಲ ಬಾಕಿ ಇದ್ದವು. ಇವು ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನದು ಇಲ್ಲದೆ ಮುಂದಿನದನ್ನು ಯಾರೂ ಕೊಡುವುದಿಲ್ಲ.

ಎಂಬಾಮಿಂಗ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ. ಕೊನೆಗೆ ಪರಿಚಯದ ನರ್ಸ್ ಒಬ್ಬರು ಮೆಲ್ಲಗೆ ಹೇಳಿದರು. ರಕ್ತನಾಳದ ಮೂಲಕ ಫಾರ್ಮಾಲಿನ್ ಬೆರೆತ ದ್ರಾವಣ ಹರಿಸುತ್ತಾರೆ, ಅದರಿಂದ ದೇಹ ಕೆಡುವುದು ನಿಧಾನವಾಗುತ್ತದೆ. ಪೋಸ್ಟ್‌ಮಾರ್ಟಂ ಆದ ದೇಹಕ್ಕೆ ಇದು ಇನ್ನೂ ನಿಧಾನದ ಕೆಲಸ. ನಾಳಗಳು ಕತ್ತರಿಸಿರುತ್ತವೆ, ಹಾಗಾಗಿ ಒಂದೊಂದು ಭಾಗಕ್ಕೂ ಬೇರೆ ಬೇರೆಯಾಗಿ ಮಾಡಬೇಕಾಗುತ್ತದೆ. ಇದನ್ನು ತಿಳಿದ ಮೇಲೆ ನನ್ನ ಭಯ ಕಡಿಮೆಯಾಯಿತು. ಯಾರೋ ಒಬ್ಬರು ಅಷ್ಟು ಹೊತ್ತು ಅವನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದಾರೆ ಅನ್ನಿಸಿತು.

ಪೆಟ್ಟಿಗೆಯೂ ಮಾಮೂಲಿ ಪೆಟ್ಟಿಗೆ ಅಲ್ಲ. ಯುರೋಪಿನ ದೇಶಗಳು 1973ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅಳತೆ ಸಮೇತ ಬರೆದಿದ್ದಾರೆ. ಹೊರಗೆ ಕನಿಷ್ಠ 20 ಮಿಲಿಮೀಟರ್ ದಪ್ಪದ ಮರ, ಒಳಗೆ ಬೆಸುಗೆ ಹಾಕಿ ಮುಚ್ಚಿದ ಸತುವಿನ ಪೆಟ್ಟಿಗೆ. ಇಲ್ಲವೇ 30 ಮಿಲಿಮೀಟರ್ ದಪ್ಪದ ಮರಕ್ಕೆ ಒಳಗೆ ಸತುವಿನ ಹಾಳೆ. ತೇವ ಹೀರುವ ವಸ್ತುವನ್ನೂ ಒಳಗೆ ಹಾಕಬೇಕು. ಬೇರೆ ದೇಶಗಳಲ್ಲೂ ವಿಮಾನದಲ್ಲಿ ಕಳಿಸುವಾಗ ಲೋಹದ ಒಳಪೆಟ್ಟಿಗೆ ಕೇಳುವುದುಂಟು. ಬೆಸುಗೆ ಬಿದ್ದ ಮೇಲೆ ತೆರೆಯುವುದು ಸುಲಭವಲ್ಲ. ಅಮ್ಮ ‘ಮುಖ ನೋಡಬಹುದಾ?’ ಅಂತ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಮುಚ್ಚುವ ಮೊದಲೇ ಇದನ್ನು ಕೇಳಿಕೊಳ್ಳಿ. ಮುಖದ ಜಾಗದಲ್ಲಿ ಗಾಜು ಇಟ್ಟ ಪೆಟ್ಟಿಗೆ ಸಿಗುತ್ತದೆಯೇ, ಬಂದ ಮೇಲೆ ತೆರೆಯಲು ಯಾರ ಅನುಮತಿ ಬೇಕು, ಎರಡನ್ನೂ ಕೇಳಿ.

ಮೂರನೇ ‘ನಾಳೆ’ ಒಂದು ಅಕ್ಷರದಿಂದ ಕೆಟ್ಟಿತು. ದೇಹ ಕಳಿಸಲು ಒಪ್ಪಿಕೊಂಡಿದ್ದ ಏಜೆಂಟ್ ವಿಮಾನದ ನಂಬರನ್ನೂ ಕೊಟ್ಟಿದ್ದರು. ನಾನು ನೆಂಟರಿಗೆಲ್ಲ ಹೇಳಿಬಿಟ್ಟಿದ್ದೆ. ಮರಣ ಪ್ರಮಾಣಪತ್ರ ಅಲ್ಲಿನ ಭಾಷೆಯಲ್ಲಿತ್ತು, ಅದನ್ನು ಇಂಗ್ಲಿಷಿಗೆ ಮಾಡಿಸಬೇಕಿತ್ತು. ತಮ್ಮನ ಹೆಸರು ಪಾಸ್‌ಪೋರ್ಟಿನಿಂದ ಅಲ್ಲಿನ ಲಿಪಿಗೆ ಹೋಗಿ, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಬರುವಷ್ಟರಲ್ಲಿ ಕೊನೆಯ ‘ಎ’ ಅಕ್ಷರ ಬಿದ್ದುಹೋಗಿತ್ತು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು ಹೆಸರು. ವಿಮಾನ ಕಂಪನಿಯ ಕೌಂಟರಿನಲ್ಲಿ ತೆಗೆದುಕೊಳ್ಳಲಿಲ್ಲ. ತಿದ್ದಿಸಲು ಮತ್ತೆ ಕಚೇರಿಗೆ ಹೋದರೆ ಅಲ್ಲಿ ಎರಡು ದಿನ ವಾರದ ರಜೆ. ಅವರ ರಜೆ ಮುಗಿಯುವಷ್ಟರಲ್ಲಿ ನಮ್ಮ ಕಡೆಯ ಕಚೇರಿಗಳಿಗೆ ರಜೆ ಶುರುವಾಗಿತ್ತು. ಒಂದು ಅಕ್ಷರಕ್ಕೆ ನಾಲ್ಕು ದಿನ ಹೋಯಿತು.

ಆದ್ದರಿಂದ ಒಂದು ಬೇಡಿಕೆ. ಯಾವುದೇ ಕಾಗದ ಕೈಗೆ ಬಂದ ಕೂಡಲೇ ಅದರ ಫೋಟೊವನ್ನು ಮನೆಯವರಿಗೆ ಕಳಿಸಿ. ಮನೆಯವರು ಪಾಸ್‌ಪೋರ್ಟಿನ ಫೋಟೊ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಲಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ಕೌಂಟರಿನ ಮುಂದೆ ನಿಂತಾಗ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನೂ ಒಂದೇ ಸಲ ಜಾಸ್ತಿ ತೆಗೆದುಕೊಳ್ಳಿ. ಬ್ಯಾಂಕು, ವಿಮೆ ಅಂತ ಆಮೇಲೆ ಎಲ್ಲರೂ ಕೇಳುತ್ತಾರೆ.

ವಿಮೆಯ ವಿಷಯ ನಮಗೆ ತಡವಾಗಿ ಹೊಳೆಯಿತು. ತಮ್ಮನ ಪರ್ಸಿನಲ್ಲಿ ಒಂದು ಕಾರ್ಡ್ ಇತ್ತು. ಮೃತದೇಹ ಸಾಗಿಸುವ ಖರ್ಚೂ ಅದರಲ್ಲಿ ಸೇರಿತ್ತು, ಆದರೆ ಖರ್ಚು ಮಾಡುವ ಮೊದಲೇ ಅವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕಿತ್ತು. ಎಷ್ಟೋ ಪಾಲಿಸಿಗಳಲ್ಲಿ ಈ ಷರತ್ತು ಇರುತ್ತದೆ. ಮೊದಲ ದಿನವೇ ಪರ್ಸು, ಫೋನು, ಕೆಲಸದ ಕರಾರು ಮೂರನ್ನೂ ನೋಡಿಸಿ.

ನಾಲ್ಕನೇ ‘ನಾಳೆ’ ಕೆಟ್ಟದ್ದು ದಾರಿಯಲ್ಲಿ. ಮೊದಲ ವಿಮಾನ ತಡವಾಯಿತು. ನಡುವೆ ಇಳಿದು ಇನ್ನೊಂದು ವಿಮಾನಕ್ಕೆ ಹತ್ತಿಸಬೇಕಿತ್ತು, ಪೆಟ್ಟಿಗೆ ಅಲ್ಲೇ ಉಳಿಯಿತು. ದೇಹ ಬರುವುದು ಸರಕಿನ ಜೊತೆ, ವಿಮಾನದ ಕೆಳಭಾಗದಲ್ಲಿ. ಆ ಸರಕಿಗೆ ವಿಮಾನಯಾನದವರು ‘ಎಚ್‌ಯುಎಂ’ ಅಂತ ಮೂರಕ್ಷರದ ಗುರುತು ಹಾಕುತ್ತಾರೆ. ಜೊತೆಗೆ ಒಂದು ಏರ್‌ವೇ ಬಿಲ್, ಅಂದರೆ ಸರಕು ಸಾಗಿಸಲು ಒಪ್ಪಿಕೊಂಡಿದ್ದಕ್ಕೆ ವಿಮಾನ ಕಂಪನಿಯ ರಸೀದಿ, ಇರುತ್ತದೆ. ಅದರ ನಂಬರ್ 11 ಅಂಕಿ, ಮೊದಲ ಮೂರು ಅಂಕಿ ಯಾವ ವಿಮಾನ ಕಂಪನಿ ಅಂತ ಹೇಳುತ್ತವೆ. ಆ ನಂಬರ್ ಇದ್ದರೆ ಕಂಪನಿಯ ಕಾರ್ಗೊ ವಿಭಾಗದಲ್ಲಿ ಪೆಟ್ಟಿಗೆ ಎಲ್ಲಿದೆ ಅಂತ ನಾವೇ ನೋಡಬಹುದು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ನನ್ನ ಚಿಕ್ಕಪ್ಪ ಮತ್ತು ಅವರ ಮಗ, ಪ್ರಯಾಣಿಕರು ಹೊರಗೆ ಬರುವ ಬಾಗಿಲಲ್ಲಿ ಒಂದೂವರೆ ಗಂಟೆ ನಿಂತಿದ್ದರು. ಸುತ್ತ ಎಲ್ಲರೂ ತಮ್ಮವರನ್ನು ತಬ್ಬಿಕೊಂಡು ಹೋಗುತ್ತಿದ್ದರಂತೆ. ಪೆಟ್ಟಿಗೆ ಆ ಬಾಗಿಲಿಗೆ ಬರುವುದೇ ಇಲ್ಲ. ಕಾರ್ಗೊ ಟರ್ಮಿನಲ್ ಬೇರೆ ಕಡೆ ಇರುತ್ತದೆ, ಅದರ ಸಮಯವೂ ಬೇರೆ. ಅಲ್ಲಿ ಕಸ್ಟಮ್ಸಿನವರಿಗೆ ಕಾಗದ ತೋರಿಸಿ, ಸಹಿ ಹಾಕಿ, ಪೆಟ್ಟಿಗೆ ಬಿಡಿಸಿಕೊಳ್ಳಬೇಕು. ಬರುವವರು ತಮ್ಮ ಗುರುತಿನ ಚೀಟಿ ಮರೆಯಬಾರದು.

ಇಷ್ಟೆಲ್ಲ ಯಾಕೆ, ಅಲ್ಲೇ ದಹನ ಮಾಡಿಸಿ ಅಸ್ಥಿ ತರಿಸಿ ಅಂತ ಕೆಲವರು ಹೇಳಿದರು. ಅದಕ್ಕೆ ಕಾಗದ ಕಡಿಮೆ ಅನ್ನುವುದು ನಿಜ. ಎರಡು ಮೂರು ಕಿಲೊ ತೂಕ, ಒಬ್ಬರು ಕೈಯಲ್ಲೇ ತರಬಹುದು. ಲೋಹದ ಪಾತ್ರೆ ಮಾತ್ರ ಬೇಡ, ಎಕ್ಸ್‌ರೇಯಲ್ಲಿ ಒಳಗಿರುವುದು ಕಾಣುವುದಿಲ್ಲ. ಹಾಗೆ ತರುವವರ ಬಗ್ಗೆ ನನಗೆ ಗೌರವವಿದೆ. ನಮ್ಮ ಅಮ್ಮನಿಗೆ ಅದು ಆಗುತ್ತಿರಲಿಲ್ಲ, ನಾವು ಕೇಳಲೂ ಇಲ್ಲ. ಆದರೆ ಈ ತೀರ್ಮಾನವನ್ನು ಮೊದಲ ದಿನವೇ ಮನೆಯವರ ಹತ್ತಿರ ಕೇಳಬೇಕು. ಹತ್ತನೇ ದಿನ, ಎಲ್ಲರೂ ಸೋತು ಕೂತಾಗ ಅದನ್ನು ಮುಂದಿಡಬಾರದು.

ಸಂಪಾದಕರೇ, ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ‘ಇನ್ನೆರಡು ದಿನಗಳಲ್ಲಿ’ ಎಂಬ ಸಾಲನ್ನು ಬಿಟ್ಟುಬಿಡಲಿ. ‘ಪೊಲೀಸರ ಅನುಮತಿ ಸಿಕ್ಕಿದೆ, ರಾಯಭಾರ ಕಚೇರಿಯ ಎನ್‌ಒಸಿಗೆ ಕಾಯುತ್ತಿದ್ದಾರೆ’ ಅಂತ ಬರೆಯಲಿ. ಆ ಮನೆಯಲ್ಲೂ ನಿಮ್ಮ ಪತ್ರಿಕೆ ಓದುತ್ತಾರೆ. ಫೋನ್ ಮಾಡುವ ನೆಂಟರು, ಗೆಳೆಯರು, ಏಜೆಂಟರಿಗೂ ಇದೇ ಮಾತು. ಏರ್‌ವೇ ಬಿಲ್ ಕೈಯಲ್ಲಿ ಇಲ್ಲದೆ ದಯವಿಟ್ಟು ದಿನ ಹೇಳಬೇಡಿ. ಯಾವ ಕಾಗದ ಬಂತು, ಯಾವುದು ಬರಬೇಕು, ಅಷ್ಟನ್ನು ದಿನಕ್ಕೊಮ್ಮೆ ಹೇಳಿ. ಏನೂ ಆಗದ ದಿನವೂ ಫೋನ್ ಮಾಡಿ, ‘ಇವತ್ತು ಏನೂ ಆಗಲಿಲ್ಲ’ ಅಂತ ಹೇಳಿ.

ಆ 13 ದಿನ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ಕಚೇರಿ, ಯಾವ ಕಾಗದ, ಯಾರು ಏನು ಕೇಳಿದರು ಅಂತ ತಾರೀಖು ಹಾಕಿ ಬರೆದಿದ್ದೇನೆ. ಈಗಲೂ ಇದೆ. ನನ್ನ ಫೋನ್ ನಂಬರನ್ನು ಈ ಪತ್ರದ ಜೊತೆ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ, ಪ್ರಕಟಿಸಬೇಡಿ. ಇಂಥ ಕಷ್ಟದಲ್ಲಿರುವವರು ಯಾರಾದರೂ ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಕೊಡಿ. ರಾತ್ರಿ ಎಷ್ಟೊತ್ತಾದರೂ ಸರಿ, ಎತ್ತುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು